ಟೈಬ್ರೇಕ್ ಮತ್ತು ಇಪ್ಪತ್ತೊಂದು ತೆಂಗಿನಕಾಯಿ

ಜೂನ್ ತಿಂಗಳು ಬಂತೆಂದರೆ ಪಿನ್ನರ್‌ನ ನಮ್ಮ ಮನೆಯಲ್ಲಿ ಪಣದ ಗಲಾಟೆ ತಪ್ಪುವುದಿಲ್ಲ. ಆಗ ಟೆನಿಸ್ ಆರಂಭವಾಗುತ್ತದೆ, ಮತ್ತು ನನ್ನ ಅಳಿಯಂದಿರು ಬಹಳ ಓದಿದವರು. ಈ ವರ್ಷ ಮಗಳು ಕಟ್ಟಪ್ಪಣೆ ಮಾಡಿದ್ದಳು: ಮೂರು ಬಾರಿ ಬೆಟ್ಟಿಂಗ್‌ನಲ್ಲಿ ಸೋತರೆ ಟಿವಿ ಕೋಣೆ ಬೇಸಿಗೆಯುದ್ದಕ್ಕೂ ಹೆಂಗಸರ ಭಜನೆಗೆ.

ತಪ್ಪಿನ ಎಣಿಕೆ

“ಯಾರು ಗೆಲ್ಲುತ್ತಾರೆಂದು ಪಣವೇ?” ಎಂದೆ.

“ಅದು ಹಳೇ ಕಾಲ, ಅತ್ತೆ. ಇದು ಪ್ರೊಪೊಸಿಷನ್ ಬೆಟ್. ಗೆಲುವು ಯಾರದ್ದಾದರೂ ಆಗಲಿ, ಪಂದ್ಯದ ಒಳಗೆ ಏನು ನಡೆಯುತ್ತೆ ಅನ್ನೋದರ ಮೇಲೆ ಕಟ್ಟೋದು. ಟಿವಿಯಲ್ಲಿ ಆಡ್ತಿರೋ ಈ ಹುಡುಗಿ ಐದಕ್ಕಿಂತ ಹೆಚ್ಚು ಡಬಲ್ ಫಾಲ್ಟ್, ಅಂದ್ರೆ ಸಾಲಾಗಿ ಎರಡು ಸರ್ವ್ ಕೆಡಿಸೋದು, ಮಾಡ್ತಾಳೆ ಅಂತ ನನ್ನ ಪಣ.”

ಪರರ ತಪ್ಪು ಎಣಿಸುವವಳನ್ನು ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್ ಮೂಲೆಗೆ ನಿಲ್ಲಿಸುತ್ತಿದ್ದರು. ಇಲ್ಲಿ ಸೋಫಾದಲ್ಲಿ ಕೂರಿಸಿ ಚಹಾ ಕೊಡುತ್ತಾರೆ.

ಆ ಹುಡುಗಿ ಒಂದೇ ಒಂದು ಸರ್ವ್ ಕೆಡಿಸಲಿಲ್ಲ.

“ಎಂಥಾ ಬೇಜವಾಬ್ದಾರಿ,” ಎಂದರು ಅಳಿಯಂದಿರು.

ಎರಡೂ ಪಕ್ಷ

ಎರಡನೆಯ ಪಣ, ಪಂದ್ಯ ಇಪ್ಪತ್ತೆರಡು ಗೇಮ್ ದಾಟುತ್ತದೆ ಎಂದು. ಆಟ ಲಂಬಿಸಬೇಕಾದ್ದರಿಂದ ಅಳಿಯಂದಿರು ಸೋಲುತ್ತಿರುವವನಿಗೆ ಚಪ್ಪಾಳೆ ತಟ್ಟಿದರು. ಅವನು ಚೇತರಿಸಿಕೊಂಡೊಡನೆ ಇನ್ನೊಬ್ಬನಿಗೆ.

ಎಜ್‌ವೇರ್‌ನಿಂದ ಬಂದಿದ್ದ ಸ್ನೇಹಿತರು ತಡೆಯಲಾರದೆ ಕೇಳಿದರು: “ನೀವು ಯಾರ ಕಡೆ ಮಾರಾಯ್ರೆ?”

“ಹಿಂದೆ ಬಿದ್ದವನ ಕಡೆ.”

ಪಂದ್ಯ ಸರಿಯಾಗಿ ಇಪ್ಪತ್ತೆರಡಕ್ಕೆ ಮುಗಿಯಿತು. ಇಬ್ಬರ ಪರವಾಗಿ ಕೂಗಿಯೂ ಸೋತವರನ್ನು ನಾನು ಚುನಾವಣೆಯಲ್ಲಿಯೂ ಕಂಡಿಲ್ಲ.

ಹರಕೆ

ಉಳಿದದ್ದು ಒಂದೇ ಅವಕಾಶ. ಮತ್ತೊಂದು ಪಂದ್ಯದ ಮೊದಲ ಸೆಟ್ ಆರು-ಆರು ಸಮವಾಗಿ ಟೈಬ್ರೇಕ್‌ಗೆ ಹೋಗುತ್ತದೆ ಎಂಬುದು ಪಣ. ಒಬ್ಬ ಆಟಗಾರ ಆರು-ಐದರಿಂದ ಮುಂದಿದ್ದ. ಎದುರಾಳಿ ಇನ್ನೊಂದು ಗೇಮ್ ಗೆದ್ದರೆ ಟಿವಿ ಕೋಣೆ ಉಳಿಯುತ್ತಿತ್ತು. ಅಳಿಯಂದಿರು ಕಣ್ಣು ಮುಚ್ಚಿ ಕುಳಿತಿದ್ದರು. ಅಪ್ಪಣೆ ಮಾಡಿದ ಮಗಳಿಗೇ ಕನಿಕರ ಹುಟ್ಟಿ, ದೇವರ ಕೋಣೆಗೆ ಹೋಗಿ ಬಂದಳು.

ಮುಂದಿದ್ದವನೇ ಏಳು-ಐದರಿಂದ ಸೆಟ್ ಗೆದ್ದ.

“ನೋಡಿದ್ರಾ, ನಿಮ್ಮವನು ಗೆದ್ದ. ಗಣಪತಿಗೆ ಇಪ್ಪತ್ತೊಂದು ಕಾಯಿ ಹೇಳಿಕೊಂಡಿದ್ದೆ,” ಎಂದಳು.

“ಅವನು ಗೆದ್ದ ಕಣೇ, ನಾನು ಸೋತೆ. ಸಮ ಆಗಬೇಕಿತ್ತು.”

“ಅದನ್ನ ಮೊದಲೇ ಹೇಳೋದಲ್ವಾ? ಇರಲಿ, ಹರಕೆ ತೀರಿಸಲೇಬೇಕು.”

ಕೋಣೆ ಭಜನೆಗೆ ಹೋಯಿತು. ಶನಿವಾರ ಅಳಿಯಂದಿರು, ತಮ್ಮ ಸೋಲಿಗೆ ದೇವರಿಗೆ ಕೃತಜ್ಞತೆ ಸಲ್ಲಿಸಲು, ಕಿಂಗ್ಸ್‌ಬರಿಯ ಅಂಗಡಿಯಿಂದ ಇಪ್ಪತ್ತೊಂದು ಕಾಯಿ ಹೊತ್ತು ದೇವಸ್ಥಾನಕ್ಕೆ ಬಂದರು.

ಅರ್ಚಕರು ಮೊದಲ ಕಾಯಿಯನ್ನು ಎತ್ತಿದಾಗ, ಅಳಿಯಂದಿರು ನನ್ನ ಕಿವಿಯ ಬಳಿ ಬಾಗಿದರು.

“ಅತ್ತೆ, ಇದರಲ್ಲಿ ನಾಲ್ಕಕ್ಕಿಂತ ಹೆಚ್ಚು ಕೊಳೆತಿರುತ್ತವೆ. ಏನಂತೀರಿ?”

ಐದು ಕೊಳೆತಿದ್ದವು. ಆ ಬೇಸಿಗೆಯಲ್ಲಿ ಅವರು ಸರಿಯಾಗಿ ಊಹಿಸಿದ್ದು ಅದೊಂದೇ. ಎದುರು ಪಣ ಕಟ್ಟಿದವರು ಮಾತ್ರ ಯಾರೂ ಇರಲಿಲ್ಲ.