ಏಳನೇ ಮೆಟ್ಟಿಲಿನ ಸಂದು

ಇದನ್ನು ಹೇಳಬೇಕೆಂದು ಕೂತಾಗಲೆಲ್ಲ ನನಗೆ ಬೇರೆ ಯಾವುದಾದರೂ ತುರ್ತು ಕೆಲಸ ನೆನಪಾಗುತ್ತದೆ. ಕನ್ನಡಕ ಒರೆಸುವುದು, ಗೋಡೆ ಗಡಿಯಾರಕ್ಕೆ ಶೆಲ್ಲು ಹಾಕುವುದು, ಹಿತ್ತಲಿನ ನುಗ್ಗೆಮರದಲ್ಲಿ ಎಷ್ಟು ಕಾಯಿ ಇಳಿದಿವೆ ಎಂದು ನೋಡಿ ಬರುವುದು. ಹೀಗೆ ಮುಂದೂಡುತ್ತ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಳೆದೆ. ಅಷ್ಟೂ ಕಾಲ ನಮ್ಮ ಮನೆಯ ಕನ್ನಡಕ, ಗಡಿಯಾರ ಎರಡೂ ಬಹಳ ಚೆನ್ನಾಗಿದ್ದವು ಎನ್ನುವುದೊಂದೇ ಲಾಭ. ಈಗ ಹೇಳದೆ ವಿಧಿಯಿಲ್ಲ. ನಮ್ಮ ಮನೆಯ ತಾರಸಿಗೆ ಹತ್ತುವ ಕಬ್ಬಿಣದ ಮೆಟ್ಟಿಲು ಬಾಯಿಬಿಟ್ಟಿದೆ. ಅದು ಬಾಯಿಬಿಟ್ಟ ಮೇಲೆ ನಾನು ಮುಚ್ಚಿಕೊಂಡಿದ್ದು ಪ್ರಯೋಜನವಿಲ್ಲ.

ನಾನು ಹತ್ತನೇ ತರಗತಿ ಮುಗಿಸಿ ವೆಲ್ಡಿಂಗ್ ಕಲಿತವನು. ಮಾಲೂರಿನ ಒಂದು ಶೆಡ್ಡಿನಲ್ಲಿ ಕಂಬ, ತೊಲೆಗಳನ್ನು ಬೆಸೆಯುತ್ತಲೇ ತಲೆ ನರೆಸಿಕೊಂಡೆ. ತಾಯಲೂರಿನ ನಮ್ಮ ಮನೆಯ ಮೆಟ್ಟಿಲನ್ನು ರಜೆ ಹಾಕಿ ನಾನೇ ಮಾಡಿದೆ. ಹದಿನಾಲ್ಕು ಮೆಟ್ಟಿಲು. ಬೆಸುಗೆ ನೋಡಿದರೆ ಮೀನಿನ ಹುರುಪೆ ಜೋಡಿಸಿಟ್ಟಂತೆ. ಮನೆಗೆ ಬಂದವರಿಗೆ ಮೊದಲು ಮೆಟ್ಟಿಲು ತೋರಿಸುತ್ತಿದ್ದೆ, ಆಮೇಲೆ ಕಾಫಿ. ಎರಡನೇ ಸಲ ಬಂದವರು ಬಾಗಿಲಲ್ಲೇ ನಿಂತು "ಕಾಫಿ ಆಯ್ತು" ಎನ್ನಲು ಶುರುಮಾಡಿದರು.

ಏಳನೇ ಮೆಟ್ಟಿಲು ಮಾತ್ರ ಕಾಲಿಟ್ಟಾಗ ಕಿರ್ ಎನ್ನುತ್ತಿತ್ತು. ನನ್ನ ಹೆಂಡತಿ ನಾರಾಯಣಮ್ಮ ಹುಣಸೆಹಣ್ಣು ಒಣಗಿಸಲು ದಿನಕ್ಕೆರಡು ಸಲ ಹತ್ತಿ ಇಳಿಯುವವಳು. "ಅದೇನೋ ಹೇಳ್ತೈತೆ ನೋಡಯ್ಯಾ" ಎನ್ನುತ್ತಿದ್ದಳು. ಬೇಸಿಗೆಯಲ್ಲಿ, ಬಿಸಿಲಿಗೆ ಕಬ್ಬಿಣ ಹಿಗ್ಗುತ್ತದೆ ಎಂದೆ. ಚಳಿಗಾಲದಲ್ಲಿ ಕುಗ್ಗುತ್ತದೆ ಎಂದೆ. ಮಳೆಗಾಲಕ್ಕೂ ಒಂದು ಕಾರಣವಿತ್ತು, ಈಗ ಮರೆತಿದ್ದೇನೆ.

ಹೋದ ವಾರ ಅವಳು ಹುಣಸೆಹಣ್ಣಿನ ಮಂಕರಿ ಹೊತ್ತು ಇಳಿಯುವಾಗ ಆ ಮೆಟ್ಟಿಲು ಒಂದು ಕಡೆ ಕಿತ್ತುಕೊಂಡು ವಾಲಿತು. ಪುಣ್ಯಕ್ಕೆ ಕಂಬಿ ಹಿಡಿದುಕೊಂಡಳು. ಮಂಕರಿ ಮಾತ್ರ ನನಗಿಂತ ಮೊದಲು ಅಂಗಳ ಸೇರಿತು. ನಾನು ಓಡಿ ಬರುವಷ್ಟರಲ್ಲಿ ಅವಳು ಹುಣಸೆಹಣ್ಣಿನ ನಡುವಿನಿಂದ ಬೆರಳುದ್ದದ ತುಕ್ಕು ಹಿಡಿದ ಕಡ್ಡಿಯೊಂದನ್ನು ಎತ್ತಿ ಹಿಡಿದಿದ್ದಳು.

"ಏಮಯ್ಯಾ ಇದಿ?" ಎಂದಳು. ಅವಳ ತವರು ಆಂಧ್ರದ ಗಡಿಯಾಚೆ. ಕೋಪ ಬಂದಾಗ ಮಾತ್ರ ತೆಲುಗು ಬರುತ್ತದೆ. ತೆಲುಗು ಬಂದರೆ ನಾನು ಕೂತುಬಿಡುತ್ತೇನೆ.

ಕೂತು ವಿವರಿಸಿದೆ. ನಿಂತ ಕಬ್ಬಿಣದ ತಟ್ಟೆಗೆ ಮಲಗಿದ ತಟ್ಟೆ ಸೇರುವ ಮೂಲೆಯಲ್ಲಿ ಮುಕ್ಕೋನವಾಗಿ ಬೆಸುಗೆ ತುಂಬುತ್ತೇವೆ. ಎರಡೂ ಒತ್ತಿ ಕೂತಿದ್ದರೆ ಸರಿ. ನಡುವೆ ಸಂದು ಉಳಿದರೆ ಅದು ಬೆಸುಗೆಯ ಒಂದಷ್ಟು ಭಾಗವನ್ನು ನುಂಗುತ್ತದೆ. ಆದ್ದರಿಂದ ಸಂದು ಎಷ್ಟು ಮಿಲಿಮೀಟರೋ ಬೆಸುಗೆಯನ್ನು ಅಷ್ಟು ದೊಡ್ಡದು ಮಾಡಬೇಕು. ಐದು ದಾಟಿದರೆ ಬೆಸೆಯಲೇಬಾರದು, ಬಿಚ್ಚಿ ಮತ್ತೆ ಕೂರಿಸಬೇಕು. ಸೋಮಾರಿಗಳಿಗೆ ಇನ್ನೊಂದು ದಾರಿಯಿದೆ: ಉರಿದು ಉಳಿದ ವೆಲ್ಡಿಂಗ್ ಕಡ್ಡಿಯ ತುಂಡನ್ನು ಸಂದಿನಲ್ಲಿ ತುರುಕಿ ಮೇಲೆ ಬೆಸುಗೆ ಎಳೆಯುವುದು. ನೋಡಲು ಅಂದ, ಒಳಗೆ ಏನೂ ಹಿಡಿದಿರುವುದಿಲ್ಲ.

"ಮುದ್ದೆ ಮೇಲೆ ನುಣ್ಣಗಿದ್ದು ಒಳಗೆ ಹಸಿ ಹಿಟ್ಟಿನ ಗಂಟು ಇದ್ದಂಗೆ" ಎಂದಳು ನಾರಾಯಣಮ್ಮ. ನಲವತ್ತು ವರ್ಷ ದುಡಿದವನು ನಾನು, ಐದೇ ನಿಮಿಷದಲ್ಲಿ ಅರ್ಥಮಾಡಿಕೊಂಡವಳು ಅವಳು. ಆಮೇಲೆ ಕೇಳಬಾರದ್ದನ್ನು ಕೇಳಿದಳು. "ಇದು ನಿನಗೆ ಮೊದಲನೇ ಸಲಾನಾ?"

ಅಲ್ಲ. ಶ್ರೀನಿವಾಸಪುರದ ಒಂದು ಮಾವಿನ ಮಂಡಿಗೆ ನಮ್ಮ ಶೆಡ್ಡಿನಲ್ಲಿ ಕಂಬಗಳು ತಯಾರಾಗುತ್ತಿದ್ದವು. ಕಂಬದ ಬುಡಕ್ಕೆ ತಟ್ಟೆ ಹೊಂದಿಸಿ ಕೂರಿಸುತ್ತಿದ್ದ ಫಿಟ್ಟರ್ ಶಿವಾರಪಟ್ಟಣದವನು, ವಿಗ್ರಹ ಕೆತ್ತುವವರ ಮನೆಯ ಮಗ. ಕೆತ್ತುವವರಿಗೆ ಹೆಚ್ಚಾದದ್ದನ್ನು ತೆಗೆಯುವುದು ಗೊತ್ತು, ಕಡಿಮೆಯಾದದ್ದನ್ನು ಮೆತ್ತಿ ಮುಚ್ಚುವುದು ಗೊತ್ತಿಲ್ಲ. ಸಂದು ಉಳಿದ ಕಡೆಯೆಲ್ಲ ಅಳೆದು, ಪಕ್ಕದಲ್ಲೇ ಸೀಮೆಸುಣ್ಣದಲ್ಲಿ ಅಂಕಿ ಬರೆಯುತ್ತಿದ್ದ. ಆ ಅಂಕಿ ನೋಡಿ ಬೆಸುಗೆ ದಪ್ಪ ಮಾಡುವುದು ನನ್ನ ಕೆಲಸ.

ಆ ದಿನ ಒಂದು ಕಂಬದ ಬುಡದಲ್ಲಿ ನಾಲ್ಕು ಎಂದು ಬರೆದಿದ್ದ. ನಾಲ್ಕು ಹೆಚ್ಚು ಎಂದರೆ ಇನ್ನೂ ಎರಡು ಸುತ್ತು ಬೆಸುಗೆ. ನನಗೋ ಐದೂವರೆ ಬಸ್ಸು ಹಿಡಿಯಬೇಕು, ಅದರಲ್ಲೂ ಕಿಟಕಿ ಪಕ್ಕದ ಸೀಟು ಬೇಕು. ಕೈಗವಸಿನಿಂದ ನಾಲ್ಕನ್ನು ಒರೆಸಿದೆ, ಕಡ್ಡಿ ತುರುಕಿದೆ, ಚಂದವಾಗಿ ಒಂದೇ ಸುತ್ತು ಎಳೆದೆ. ಕಿಟಕಿ ಸೀಟು ಸಿಕ್ಕಿತು.

ಮಾರನೇ ದಿನ ಪರೀಕ್ಷೆಯವರು ಅದೇ ಕಂಬವನ್ನು ಕುಯ್ದು ನೋಡಿದರು. ಕಡ್ಡಿ ಹೊರಬಿತ್ತು. ಸೂಪರ್‌ವೈಸರ್ ಕೇಳಿದರು, "ಯಾಕಪ್ಪಾ, ಸಂದು ಇದ್ರೆ ಬರೀಬೇಕು ತಾನೆ?"

"ಬರ್ದಿದ್ದೆ ಸಾರ್" ಎಂದು ಫಿಟ್ಟರ್ ನನ್ನ ಕಡೆ ನೋಡಿದ. ನನ್ನ ಕೈಗವಸಿನ ಮೇಲೆ ಇನ್ನೂ ಬೆಳ್ಳಗೆ ಪುಡಿಯಿತ್ತು. ಕೈ ಹಿಂದಕ್ಕೆ ಕಟ್ಟಿಕೊಂಡೆ.

"ನಾನೇನೂ ನೋಡ್ಲಿಲ್ಲ ಸಾರ್. ಕಡ್ಡಿ ಮೊದಲೇ ಒಳಗಿತ್ತು" ಎಂದೆ.

ಕಂಬಗಳನ್ನೆಲ್ಲ ಬಿಚ್ಚಿ ಮತ್ತೆ ಬೆಸೆದೆವು. ಆ ಮಂಡಿ ಇವತ್ತಿಗೂ ಗಟ್ಟಿಯಾಗಿ ನಿಂತಿದೆ. ನಿಲ್ಲದೆ ಹೋದದ್ದು ಅವನ ಹೆಸರು. ಕಡ್ಡಿ ತುರುಕುವ ಫಿಟ್ಟರ್ ಎಂಬ ಮಾತು ಮಾಲೂರಿನ ಶೆಡ್ಡುಗಳಲ್ಲೆಲ್ಲ ಓಡಾಡಿತು. ಮತ್ತೆ ಯಾರೂ ಅವನನ್ನು ಫಿಟ್ಟರ್ ಕೆಲಸಕ್ಕೆ ಕರೆಯಲಿಲ್ಲ. ಅವನು ಊರಿಗೆ ಹೋಗಿ ಉಳಿ ಹಿಡಿದ.

ನಾರಾಯಣಮ್ಮ ಎಲ್ಲವನ್ನೂ ಕೇಳಿ, "ಚಾಲು, ಸಾಕು. ನಾಳೆ ಮೊದಲ್ನೇ ಬಸ್ಸಿಗೆ ಹೋಗು. ಕಿಟಕಿ ಪಕ್ಕಾನೇ ಕೂತ್ಕೋ" ಎಂದಳು.

ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಬಾಯಿಪಾಠ ಮಾಡಿದೆ. ಕೋಲಾರದವರೆಗೆ ಅದು ಚೆನ್ನಾಗಿತ್ತು, ಮಾಲೂರಿಗೆ ಬರುವಷ್ಟರಲ್ಲಿ ಅರ್ಧವಾಯಿತು. ಶಿವಾರಪಟ್ಟಣದಲ್ಲಿ ಅವನು ಕಲ್ಲಿನ ಪುಡಿಯಲ್ಲಿ ಕೂತು ಒಂದು ಬಸವಣ್ಣನ ಕಿವಿ ತಿದ್ದುತ್ತಿದ್ದ. ತಲೆಯೆತ್ತಿ ನೋಡಿ, "ಏನ್ಲಾ ಐದೂವರೆ, ಅವತ್ತು ಬಸ್ಸು ಸಿಕ್ತಾ?" ಎಂದ.

ಅಷ್ಟು ವರ್ಷವೂ ಅವನಿಗೆ ಗೊತ್ತಿತ್ತು. ನನ್ನ ವಾಕ್ಯದ ಉಳಿದರ್ಧವೂ ಹೋಯಿತು. "ಮನೆ ಮೆಟ್ಟಿಲು ಕಿತ್ಹೋಗೈತೆ" ಎಂದುಬಿಟ್ಟೆ.

"ಸಂದೆಷ್ಟು?"

"ಆರು."

"ಆರಿಗೆ ಬೆಸೆದ್ಯಾ? ಮೆಟ್ಟಿಲು ಹತ್ತೋರು ನಿನ್ನ ಹೆಂಡ್ತಿ ತಾನೆ? ಭಾನುವಾರ ಬರ್ತೀನಿ, ನಡಿ."

ಬಂದ. ತಟ್ಟೆಯನ್ನು ಉಜ್ಜಿ ಉಜ್ಜಿ ಕೂರಿಸಿದ. ಕೊನೆಗೆ ಎರಡು ಮಿಲಿಮೀಟರ್ ಉಳಿಯಿತು. ಜೇಬಿನಿಂದ ಸೀಮೆಸುಣ್ಣ ತೆಗೆದು, ಬೆಸುಗೆಯಿಂದ ಗೇಣು ದೂರದಲ್ಲಿ ಎರಡು ಎಂದು ಬರೆದು, ಕೈಕಟ್ಟಿ ನಿಂತ. ನಾನು ಮುಖಕ್ಕೆ ಗುರಾಣಿ ಇಟ್ಟುಕೊಂಡು ಸಂದಿನ ಎರಡಕ್ಕೆ ಬೆಸುಗೆಯಲ್ಲೂ ಎರಡು ಸೇರಿಸಿ ಬೆಸೆದೆ. ಆ ಗುರಾಣಿಯ ಹಿಂದೆ "ತಪ್ಪಾಯ್ತು" ಎಂದೂ ಹೇಳಿದೆ. ಯಂತ್ರದ ಸದ್ದಿಗೆ ನನಗೇ ಕೇಳಿಸಲಿಲ್ಲ. ಅವನು ಸುತ್ತಿಗೆಯಿಂದ ಕುಟ್ಟಿ ನೋಡಿ, "ಈಗ ಒಳಗೂ ಐತೆ" ಎಂದ. ಬೇರೆ ಮೆಟ್ಟಿಲುಗಳನ್ನೂ ಕುಟ್ಟಿದ. ಇನ್ನೂ ಐದರಲ್ಲಿ ಕಡ್ಡಿಯಿದೆಯಂತೆ. ವಾರಕ್ಕೊಂದು ಮಾಡೋಣ ಎಂದವನು, ನಾರಾಯಣಮ್ಮ ಕೊಟ್ಟ ಹುಣಸೆಹಣ್ಣು ಹಿಡಿದು ಹೊರಟ.

ಅಂದರೆ ನನಗೆ ಇನ್ನೂ ಐದು ಭಾನುವಾರಗಳಿವೆ. ಅಷ್ಟರೊಳಗೆ ಒಮ್ಮೆಯಾದರೂ ಗುರಾಣಿ ತೆಗೆದು ಹೇಳುತ್ತೇನೆಂಬ ನಂಬಿಕೆ ನನಗಿದೆ, ನನ್ನ ಹೆಂಡತಿಗಿಲ್ಲ. "ಬಾಯಲ್ಲಿ ಬರಲ್ಲ ಅಂದ್ರೆ ಬರ್ದು ಕೊಡು" ಎಂದಳು. ಅದಕ್ಕೇ ಬೆಳಿಗ್ಗೆಯಿಂದ ಏಳನೇ ಮೆಟ್ಟಿಲಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಅವನು ಬರೆದ ಎರಡರ ಅಂಕಿಯನ್ನು ಈ ಸಲ ಒರೆಸಿಲ್ಲ. ಅದರ ಪಕ್ಕದಲ್ಲಿ, ಮುಂದಿನ ಭಾನುವಾರ ಅವನ ಕಣ್ಣಿಗೆ ಬೀಳಲೆಂದು, ನನ್ನ ಕೈಯಾರೆ ಸೀಮೆಸುಣ್ಣದಲ್ಲಿ ಬರೆದಿದ್ದೇನೆ: ಫಿಟ್ಟರ್, ಶಿವಾರಪಟ್ಟಣದ ವೀರಭದ್ರಾಚಾರಿ.