ಊಟದ ಮೇಜಿನ ಮೇಲೆ ಒಣಗಿದ ಶುಭಾಶಯಗಳು

ನಿವೃತ್ತನಾದವನು ಸುಮ್ಮನೆ ಕೂತಿದ್ದರೆ ಅವನಿಗೆ ಏನೂ ಆಗುವುದಿಲ್ಲ. ಕತ್ತರಿ, ಗೋಂದು ಹಿಡಿದು ಕೂತನೋ, ಏನಾದರೊಂದು ಆಗುತ್ತಲೇ ಇರುತ್ತದೆ. ನನಗೆ ಆದವುಗಳಲ್ಲಿ ಹೇಳಬಹುದಾದ ಕೆಲವನ್ನು ಹೇಳುತ್ತೇನೆ. ಹೇಳಬಾರದ್ದನ್ನು ನನ್ನ ಹೆಂಡತಿ ಈಗಾಗಲೇ ಬೀದಿಗೆಲ್ಲ ಹೇಳಿ ಮುಗಿಸಿದ್ದಾಳೆ.

೧. ಕರಾರು

ನಾನು ಓದಿದ್ದು ಸಸ್ಯಶಾಸ್ತ್ರ, ದುಡಿದದ್ದು ಕಾಫಿ ಎಸ್ಟೇಟಿನ ಆಫೀಸಿನಲ್ಲಿ. ಎಲೆ, ಹೂವುಗಳನ್ನು ಹಳೇ ಪೇಪರಿನ ನಡುವೆ ಇಟ್ಟು, ಮೇಲೆ ಭಾರ ಹೇರಿ ಒಣಗಿಸುವುದನ್ನು ಕಾಲೇಜಿನಲ್ಲಿ ಕಲಿಸಿದ್ದರು. ಆ ವಿದ್ಯೆ ಎಸ್ಟೇಟಿನಲ್ಲಿ ಯಾರಿಗೂ ಬೇಕಾಗಲಿಲ್ಲ. ನಿವೃತ್ತನಾಗಿ ಸಕಲೇಶಪುರದಲ್ಲಿ ಮನೆ ಮಾಡಿದ ಮೇಲೆ ಅದು ತಾನಾಗಿ ಎದ್ದು ಬಂತು. ಒಣಗಿದ ಎಲೆ, ಹೂವು ಅಂಟಿಸಿ, ಕೆಳಗೆ ಕೈಬರಹದಲ್ಲಿ ನಾಲ್ಕು ಸಾಲು ಬರೆದು, ಪರಿಚಯದವರಿಗೆಲ್ಲ ಶುಭಾಶಯದ ಕಾರ್ಡ್ ಮಾಡತೊಡಗಿದೆ. ಎಲ್ಲರೂ ಮೊಬೈಲಿನಲ್ಲಿ ಹೂವಿನ ಚಿತ್ರ ಕಳಿಸುವಾಗ ನಾನು ಹೂವನ್ನೇ ಕಳಿಸುತ್ತೇನೆ ಎಂಬ ಜಂಬ ಬೇರೆ.

ತೊಂದರೆ ಬಂದದ್ದು ಜಾಗದ್ದು. ಊಟದ ಮೇಜಿನ ಮೇಲೆ ಪೇಪರು, ಪೇಪರಿನ ಮೇಲೆ ಹಲಗೆ, ಹಲಗೆಯ ಮೇಲೆ ಅಡುಗೆಮನೆಯ ಗುಂಡುಕಲ್ಲು. ನಾವಿಬ್ಬರೂ ನೆಲದ ಮೇಲೆ ಕೂತು ಉಣ್ಣುತ್ತಿದ್ದೆವು. ಒಂದು ಮಧ್ಯಾಹ್ನ ಹೆಂಡತಿ ತಟ್ಟೆ ಹಿಡಿದು ಏಳಲಾಗದೆ, ಗೋಡೆಗೆ ಕೈಕೊಟ್ಟು ಎದ್ದು ನಿಂತು ಹೇಳಿದಳು:

“ರೀ, ಈ ಮೇಜು ನನ್ನ ತವರಿನವರು ಕೊಟ್ಟಿದ್ದು ನಿಮ್ಮ ಜರೀಗಿಡಕ್ಕಲ್ಲ. ಮಳೆಗಾಲ ಹಿಡಿಯೋದ್ರೊಳಗೆ ಒಬ್ಬರಾದ್ರೂ ನಮ್ಮ ಬಾಗಿಲಿಗೆ ಬಂದು ನಿಮ್ಮ ಕಾರ್ಡ್ ಚೆನ್ನಾಗಿದೆ ಅನ್ನಲಿ, ಮೇಜು ನಿಮ್ಮದೇ. ಇಲ್ಲಾಂದ್ರೆ ಗುಂಡುಕಲ್ಲು ಅಡುಗೆಮನೆಗೆ, ನೀವು ಜಗಲಿಗೆ.”

“ಊಟಕ್ಕಾದರೂ ಒಳಗೆ ಬರಬಹುದಾ?”

“ಮೇಜು ಖಾಲಿ ಇದ್ರೆ.”

೨. ಮೆಣಸಿನ ಕಾರ್ಡು

ಬಾಳ್ಳುಪೇಟೆಯಲ್ಲಿ ಮೆಣಸು ಕೊಳ್ಳುವ ಸಾಹುಕಾರರೊಬ್ಬರು ಎಸ್ಟೇಟಿನ ಕಾಲದಿಂದ ಪರಿಚಯ. ಅವರ ಹುಟ್ಟುಹಬ್ಬಕ್ಕೆ ಒಂದು ಕಾರ್ಡಿನ ಮೇಲೆ ಕಾಳು ಸಮೇತ ಮೆಣಸಿನ ಗೊನೆಯನ್ನೇ ಅಂಟಿಸಿ, ಅಂಗಡಿಗೆ ಒಯ್ದು ಕೈಗೆ ಕೊಟ್ಟೆ. ಸಾಹುಕಾರರು ಬರಹದ ಕಡೆ ಕಣ್ಣೂ ಹಾಯಿಸಲಿಲ್ಲ. ಉಗುರಿನಿಂದ ಒಂದು ಕಾಳು ಕಿತ್ತು, ಹಲ್ಲಿಗಿಟ್ಟು ಕಟಕ್ ಎಂದು ಕಡಿದರು.

“ತೇವ ಐತೆ ಸಾರ್. ಮಾಲು ಎಷ್ಟೈತೆ?”

“ಅಯ್ಯೋ, ಅದು ಸ್ಯಾಂಪಲ್ ಅಲ್ಲ ಮಾರಾಯ್ರೆ, ನಿಮ್ಮ ಹುಟ್ಟುಹಬ್ಬದ ಶುಭಾಶಯ!”

ಸಾಹುಕಾರರು ಕಾರ್ಡನ್ನು ತಿರುಗಿಸಿ ನೋಡಿ, ಇನ್ನೊಂದು ಕಾಳು ಕಿತ್ತು ಕಡಿದು, ಗಂಭೀರವಾಗಿ ಹೇಳಿದರು: “ಶುಭಾಶಯ ಸರಿ ಸಾರ್. ಇನ್ನೆರಡು ಬಿಸಿಲು ಕಾಯಿಸ್ಕೊಂಡು ತನ್ನಿ.”

೩. ಮಂಡಿಗೆ ಮದ್ದು

ಪಕ್ಕದ ಮನೆಯ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಮಂಡಿ ಊದಿಸಿಕೊಂಡಿದ್ದರು. ದೊಡ್ಡ ಜರೀಗಿಡದ ಎಲೆ ಅಂಟಿಸಿ, ‘ಬೇಗ ಗುಣವಾಗಲಿ’ ಎಂದು ಬರೆದು ಕಳಿಸಿದೆ. ವಾರ ಕಳೆಯುವುದರೊಳಗೆ ಅಜ್ಜಿ ನೆಟ್ಟಗೆ ನಡೆದುಕೊಂಡು ನಮ್ಮ ಬಾಗಿಲಿಗೇ ಬಂದುಬಿಟ್ಟರು.

“ಬಾಳ ಚೆನ್ನಾಗಿತ್ತು ಕಣಪ್ಪಾ ನಿನ್ನ ಕಾರ್ಡು!”

ನಾನು ಕುಣಿಯುವುದೊಂದು ಬಾಕಿ. ಅಡುಗೆಮನೆಯಲ್ಲಿದ್ದ ಹೆಂಡತಿಯನ್ನು ಕೂಗಿ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು, “ಇನ್ನೊಂದ್ಸಲ ಹೇಳಿ ಅಜ್ಜಿ,” ಎಂದೆ.

“ಚೆನ್ನಾಗಿತ್ತು ಅಂದೆ. ರಟ್ಟು, ಸೊಪ್ಪು ಎಲ್ಲ ನೆನೆಹಾಕಿ, ಅರೆದು ಹಚ್ಚಿಬುಟ್ಟೆ. ಆ ಗೋಂದಿಗೆ ಒಳ್ಳೆ ಪಟ್ಟಿ ಹಾಕ್ದಂಗೆ ಹಿಡ್ಕೊಂತು. ಎಡಗಾಲಿಗೂ ಒಂದು ಕೊಡಪ್ಪ.”

ಹೆಂಡತಿ ತೀರ್ಪು ಕೊಟ್ಟಳು: “ಇದು ಲೆಕ್ಕಕ್ಕಿಲ್ಲ. ಕಾರ್ಡ್ ಅಂದ್ರೆ ಓದೋದು, ಹಚ್ಚೋದಲ್ಲ.”

೪. ಐವತ್ತು ವರ್ಷದ ಮದುವೆ

ಮೇ ತಿಂಗಳು ಮುಗಿಯುತ್ತ ಬಂದಿತ್ತು. ಸಂಜೆ ಸಂಜೆ ಗುಡುಗು. ನನ್ನ ಮೇಜಿನ ಆಯಸ್ಸು ಇನ್ನೇನು ತೀರಿತು ಎನ್ನುವಾಗ, ಬೆಳಗೋಡಿನ ಹತ್ತಿರ ಸಣ್ಣ ತೋಟ ಮಾಡಿಕೊಂಡಿರುವ ನನ್ನ ಹಳೇ ಸ್ನೇಹಿತ ಗೌಡರ ಮದುವೆಗೆ ಬರುವ ಭಾನುವಾರ ಐವತ್ತು ತುಂಬುತ್ತದೆ ಎಂದು ನೆನಪಾಯಿತು. ಇದೇ ಕೊನೇ ಅವಕಾಶ.

ಮಾರ್ಚಿನಲ್ಲಿ ಒಣಗಿಸಿಟ್ಟ ಕಾಫಿ ಹೂವಿನ ದಂಡೆಯನ್ನೇ ಅಂಟಿಸಿದೆ. ನಡುವೆ ಗಂಡಹೆಂಡಿರ ಹೆಸರು, ‘ವಿವಾಹದ ಸುವರ್ಣ ಮಹೋತ್ಸವ’, ಭಾನುವಾರದ ತಾರೀಖು. ಮಾಡಿದವರು ಯಾರೆಂದು ತಿಳಿಯಲಿ ಎಂದು ಕೆಳಗೆ ನಮ್ಮ ಮನೆಯ ವಿಳಾಸ. ಹೆಂಡತಿ ನೋಡಿ, “ಮಂಗಳಕಾರ್ಯಕ್ಕೆ ಬರೀ ಒಣಗಿದ್ದನ್ನ ಕೊಡ್ತೀರಾ? ನಾಲ್ಕು ಮೂಲೆಗೂ ಅರಿಶಿನ ಹಚ್ಚಿ,” ಎಂದಳು. ಹಚ್ಚಿದೆ.

ಒಯ್ದಾಗ ಗೌಡರು ತೋಟದಲ್ಲಿದ್ದರು. ಅವರ ತಮ್ಮನ ಹೆಂಡತಿ ಬಾಗಿಲಿಗೆ ಬಂದರು. ಅರಿಶಿನ ಕಂಡದ್ದೇ ಸೆರಗು ಸರಿಮಾಡಿಕೊಂಡು ಎರಡೂ ಕೈ ಒಡ್ಡಿ ಇಸಕೊಂಡರು. ಗೌಡರಿಗೆ ಮರೆವು ಜಾಸ್ತಿ. ಅದಕ್ಕೇ, “ಭಾನುವಾರ ಮರೀಬಾರದು ಅಂತ ಹೇಳಿಬಿಡಿ,” ಎಂದು ನಕ್ಕು ಬಸ್ಸು ಹತ್ತಿದೆ.

ಭಾನುವಾರ ಹನ್ನೆರಡರ ಹೊತ್ತಿಗೆ ನಮ್ಮ ಮನೆ ಮುಂದೆ ಒಂದು ಜೀಪು ನಿಂತಿತು. ಅದರ ಹಿಂದೆ ಇನ್ನೊಂದು. ಮೊದಲು ಇಳಿದವರು ಜರಿಪಂಚೆಯ ಗೌಡರು, ಆಮೇಲೆ ರೇಷ್ಮೆ ಸೀರೆಯ ಅವರ ಹೆಂಡತಿ, ಆಮೇಲೆ ತಮ್ಮ, ತಮ್ಮನ ಹೆಂಡತಿ, ಹೆಣ್ಣುಮಕ್ಕಳು, ಅಳಿಯಂದಿರು, ಬಾಳೆಗೊನೆ. ಗೌಡರ ಕೈಯಲ್ಲಿ ನನ್ನ ಕಾರ್ಡು.

“ನಮ್ಮ ಮಕ್ಕಳಿಗೇ ನೆಪ್ಪಿರಲಿಲ್ಲ ಕಣ್ರೀ!” ಗೌಡರು ನನ್ನನ್ನು ತಬ್ಬಿಕೊಂಡು ಕಣ್ಣೊರೆಸಿಕೊಂಡರು. “ನಮ್ಮ ಮದುವೆ ದಿನಾನ ನಿಮ್ಮನೇಲಿ ಮಾಡ್ತೀರಿ ಅಂದ್ರೆ, ಯಾವ ಜನ್ಮದ ಋಣ ಮಾರಾಯ್ರೆ!”

ಒಳಗೆ ಇಬ್ಬರಿಗಾಗುವಷ್ಟು ಸಾರಿತ್ತು.

“ಇವರನ್ನೆಲ್ಲ ಯಾಕೆ ಕರೆದ್ರಿ?” ಹೆಂಡತಿ ಪಿಸುಗುಟ್ಟಿದಳು.

“ಕರೆದಿಲ್ಲ ಕಣೇ, ಶುಭ ಕೋರಿದ್ದೀನಿ.”

“ಹೆಸರು ಬರೆದು, ತಾರೀಖು ಹಾಕಿ, ವಿಳಾಸ ಕೊಟ್ಟು, ಅರಿಶಿನ ಹಚ್ಚಿ ಕೈಗಿಟ್ಟು ಬಂದಿದ್ದೀರಿ. ಇನ್ನು ಕರೆಯೋದು ಅಂದ್ರೆ ಹೆಂಗಿರತ್ತೆ?”

“ಅರಿಶಿನ ಹಚ್ಚಿಸಿದ್ದು ಯಾರು?”

ಅವಳು ಅಕ್ಕಿ ಡಬ್ಬಿ ಹುಡುಕಿಕೊಂಡು ಒಳಗೆ ಹೋದಳು. ಅಳಿಯಂದಿರಿಬ್ಬರು ಗುಂಡುಕಲ್ಲು ಎತ್ತಿ ಅಡುಗೆಮನೆಗೆ ಸಾಗಿಸಿದರು. ನನ್ನ ಎಲೆಗಳೆಲ್ಲ ಮಂಚದಡಿಗೆ ಹೋದವು. ಹೆಣ್ಣುಮಕ್ಕಳು ಸೀರೆ ಮೇಲೆತ್ತಿ ಕಟ್ಟಿ ಒಲೆ ಮುಂದೆ ನಿಂತರು. ಪಕ್ಕದ ಅಜ್ಜಿ ಎರಡೂ ಕಾಲಲ್ಲಿ ಓಡಾಡುತ್ತ ಹಪ್ಪಳ ಕರಿದರು. ಚಿತ್ರಾನ್ನ, ಸಾರು, ಶಾವಿಗೆ ಪಾಯಸ. ಬಹಳ ದಿನಕ್ಕೆ ಆ ಮೇಜು ಊಟ ಕಂಡಿತು. ಗಂಡಹೆಂಡಿರನ್ನು ಅದರ ತುದಿಯಲ್ಲಿ ಅಕ್ಕಪಕ್ಕ ಕೂರಿಸಿ ಬಡಿಸಿದೆವು.

ಕೈತೊಳೆದು ಬಂದ ಗೌಡರು, “ಬಾಳ ಚೆನ್ನಾಗಿತ್ತು ಕಣ್ರೀ,” ಎಂದರು.

“ಕೇಳಿಸ್ತಾ?” ಎಂದು ನಾನು ಹೆಂಡತಿಯ ಕಡೆ ತಿರುಗಿದೆ.

ಅವಳು ಸಮಾಧಾನವಾಗಿ, “ಯಾವುದು ಗೌಡ್ರೆ?” ಎಂದಳು.

“ಪಾಯಸ ಕಣಮ್ಮ.”

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಹೊರಡುವಾಗ ಗೌಡರ ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು, ಕಾರ್ಡನ್ನು ಎದೆಗವಚಿಕೊಂಡು, ನಾಚಿಕೊಂಡು ಹೇಳಿದರು: “ಅಣ್ಣಾ, ಈ ಕಾರ್ಡ್ ಎಷ್ಟು ಚೆನ್ನಾಗೈತೆ! ಮುಂದಿನ ತಿಂಗಳು ನಮ್ಮದೂ ಇಪ್ಪತ್ತೈದು ತುಂಬ್ತದೆ. ನಮಗೂ ಇಂಥದ್ದೇ ಒಂದು ಮಾಡ್ತೀರಲ್ವಾ?”

ನಮ್ಮ ಬಾಗಿಲು. ನನ್ನ ಕಾರ್ಡು. ಕೇಳದೆಯೇ ಬಂದ ಮಾತು. ಜೀಪುಗಳು ತಿರುವು ದಾಟುವವರೆಗೂ ನಾನು ಉಸಿರು ಬಿಡಲಿಲ್ಲ. ಒಳಗೆ ಬಂದವನೇ ನೆಟ್ಟಗೆ ಅಡುಗೆಮನೆಗೆ ಹೋಗಿ ಗುಂಡುಕಲ್ಲಿನ ಮೇಲೆ ಕೈಯಿಟ್ಟೆ.

ರಾಶಿ ಪಾತ್ರೆಗಳ ಮುಂದೆ ನಿಂತಿದ್ದ ಹೆಂಡತಿ ತಿರುಗಿಯೂ ನೋಡದೆ ಹೇಳಿದಳು: “ಕಲ್ಲು ತಗೊಳ್ಳಿ, ಮೇಜೂ ತಗೊಳ್ಳಿ. ಅರಿಶಿನದ ಡಬ್ಬಿ ಮಾತ್ರ ಮುಟ್ಟಿದ್ರೆ ನೋಡಿ!”