ಮಾವನ ಹಗ್ಗಕ್ಕೆ ಸಿಕ್ಕ ಮದುಮಗ

ನನ್ನ ಸೋದರಮಾವ ಈ ಪ್ರಪಂಚದಲ್ಲಿ ಕಟ್ಟಿಹಾಕದೆ ಬಿಟ್ಟದ್ದು ಗಾಳಿಯೊಂದನ್ನೇ. ಅದೂ ಕೈಗೆ ಸಿಗಲಿಲ್ಲವೆಂದು! ವಯಸ್ಸಿನಲ್ಲಿ ಚಿನಕುರಳಿ ಹತ್ತಿರದ ಕಲ್ಲುಕ್ವಾರಿಯಲ್ಲಿ ಹಗ್ಗ ಹಿಡಿಯುವ ಕೆಲಸ ಮಾಡಿದವನು. ಅವನು ಕೆಲಸ ಬಿಟ್ಟಿದ್ದ, ಹಗ್ಗ ಅವನನ್ನು ಬಿಟ್ಟಿರಲಿಲ್ಲ. ಸೈಕಲ್ಲಿಗೆ ಬೀಗವಿದ್ದರೂ ಎಮ್ಮೆಯ ಹಗ್ಗ ಬೇಕು. ರೇಡಿಯೊವನ್ನು ಕಿಟಕಿಯ ಸರಳಿಗೆ ಬಿಗಿದಿರಬೇಕು. ಮದುವೆಮನೆಗೆ ಹೋದರಂತೂ ಚಪ್ಪಲಿಯನ್ನು ಚಪ್ಪರದ ಕಂಬಕ್ಕೆ ಕಟ್ಟಿಯೇ ಊಟಕ್ಕೆ ಕೂರುವುದು. ಕದಿಯಬೇಕೆಂದರೆ ಕಳ್ಳ ಚಪ್ಪರವನ್ನೇ ಹೊತ್ತುಕೊಂಡು ಹೋಗಬೇಕು!

ಇಂಥವನನ್ನು ನಮ್ಮಮ್ಮ ನನ್ನ ಕಾವಲಿಗೆ ಕಳಿಸಿದಳು. ತೊಂಬತ್ತರ ದಶಕದ ಮಾತು. ನನ್ನ ಮದುವೆಗೆ ಹದಿನೈದು ದಿನವಿತ್ತು. ಬೆಂಗಳೂರಿನಲ್ಲಿ ಬಂಡೆ ಇಳಿಯುವ ತರಬೇತಿ ಪಡೆದು ಬಂದಿದ್ದ ಒಬ್ಬ ಗೆಳೆಯ, ಹಳೇ ಜೀಪಿದ್ದ ಇನ್ನೊಬ್ಬ ಗೆಳೆಯ, ಇಬ್ಬರೂ ಸೇರಿ ನನ್ನ ತಲೆಕೆಡಿಸಿದ್ದರು. ಶನಿವಾರ ಕುಂತಿಬೆಟ್ಟದ ಗವಿಗೆ ನುಗ್ಗುವುದು, ಭಾನುವಾರ ತೊಣ್ಣೂರು ಕೆರೆಯ ಕೋಡಿ ನೀರು ಧುಮುಕುವ ಬಂಡೆಯನ್ನು ಹಗ್ಗ ಹಿಡಿದು ಇಳಿಯುವುದು. ಮದುವೆಯಾದ ಮೇಲೆ ಇದಕ್ಕೆಲ್ಲ ಯಾರು ಬಿಡುತ್ತಾರೆ ಹೇಳಿ? ಅಮ್ಮ ನನಗೇನೂ ಹೇಳಲಿಲ್ಲ. ತನ್ನ ಈ ತಮ್ಮನನ್ನು ಕರೆಸಿದಳು.

"ಎಂಗ್ ಕರ್ಕೊಂಡೋಯ್ತಿಯೋ ಅಂಗೇ ತಂದೊಪ್ಪಿಸ್ಬೇಕು ಕಣ್ಲಾ. ಮೈಮ್ಯಾಲೆ ಒಂದ್ ಗೆರೆ ಬಿದ್ರೂ ಬೀಗ್ರಿಗೆ ನೀನೇ ಉತ್ತರ ಹೇಳ್ಬೇಕು."

"ನಾನಿಲ್ವಾ ಬುಡಕ್ಕಾ," ಎಂದ ಮಾವ, ಆಗಲೇ ಬಾವಿ ಹಗ್ಗವನ್ನು ಹೆಗಲಿಗೇರಿಸಿದ್ದ.

ಗವಿಯ ಬಾಗಿಲಲ್ಲಿ, ದನ ಸಂತೆಗೆ ಹೊರಡಿಸುವವನಂತೆ ನಮ್ಮ ಮೂವರ ಸೊಂಟಕ್ಕೂ ಒಂದೇ ಹಗ್ಗ ಬಿಗಿದು, ಕೊನೆಯಲ್ಲಿ ತಾನೂ ಕಟ್ಟಿಕೊಂಡ. ಒಳಗೆ ಹೋಗಿ ಬ್ಯಾಟರಿ ಬಿಟ್ಟದ್ದೇ ತಡ, ಬಾವಲಿಗಳ ಹಿಂಡು ಭರ್ರನೆ ಮುಖಕ್ಕೇ ಬಂತು. ಹೊರಗೆ ಓಡಿದೆವು. ಗವಿಯ ಎದುರಿಗೆ ಒಂದು ಗುಂಡುಕಲ್ಲು. ತರಬೇತಿಯವನು ಅದರ ಎಡಕ್ಕೆ ಓಡಿದ, ಜೀಪಿನವನು ಬಲಕ್ಕೆ. ಎಲ್ಲರೂ ನಿಂತು ಉಸಿರುಬಿಟ್ಟಾಗ ನೋಡಿದರೆ, ನಾಲ್ವರೂ ಆ ಕಲ್ಲಿಗೆ ಬೆನ್ನು ಕೊಟ್ಟು ಬಿಗಿದುಹೋಗಿದ್ದೇವೆ! ಆಡು ಮೇಯಿಸುತ್ತಿದ್ದ ಮುದುಕನೊಬ್ಬ ಹತ್ತಿರ ಬಂದು ಸುತ್ತ ನೋಡಿದ.

"ಯಾರಣ್ಣಾ ಇಂಗೆ ಕಟ್ಟಾಕ್ಬುಟ್ಟೋದೋರು?"

"ನಾವೇ ಕಣಪ್ಪಾ," ಎಂದ ಮಾವ ಗಾಂಭೀರ್ಯದಿಂದ. "ಬಿಚ್ಚೋರ್ನ ಕಾಯ್ತಾ ಇವ್ನಿ."

ಮಾರನೆಯ ದಿನ ತೊಣ್ಣೂರು. ತರಬೇತಿಯ ಗೆಳೆಯ ಬಣ್ಣಬಣ್ಣದ ತೆಳ್ಳನೆ ಹಗ್ಗ ತೆಗೆದ. ಮಾವ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ.

"ಇದೇನ್ಲಾ, ಲಂಗದ ಲಾಡಿ ತಂದಿದ್ದೀಯಾ?"

"ಒಂದ್ ಎತ್ತಿನ ಗಾಡೀನೇ ತಡೀತದೆ ಮಾವ."

"ಗಾಡಿಗೇನ್ ಮದ್ವೆ ಗೊತ್ತಾಗೈತಾ?"

ಹೀಗೆ ಹೇಳಿ, ಲಾಡಿಯ ಜೊತೆಗೆ ತನ್ನ ಬಾವಿ ಹಗ್ಗದ ಒಂದು ತುದಿಯನ್ನು ನನ್ನ ಸೊಂಟಕ್ಕೂ ಇನ್ನೊಂದನ್ನು ತನ್ನ ಸೊಂಟಕ್ಕೂ ಬಿಗಿದು, ಬಂಡೆಯ ತಲೆಯ ಮೇಲೆ ಕಾಲೂರಿ ಕೂತ. ನಾನು ಇಳಿಯತೊಡಗಿದೆ. ಅರ್ಧಕ್ಕೆ ಬರುವಷ್ಟರಲ್ಲಿ ನೀರು ಸಿಡಿದು ಕನ್ನಡಕ ಮಂಜಾಯಿತು. ಕೆಳಗೆ ಕ್ಯಾಮೆರಾ ಹಿಡಿದು ನಿಂತಿದ್ದ ಜೀಪಿನವನು, "ಇತ್ಲಾಗ್ ನೋಡ್ಲಾ, ರೀಲಲ್ಲಿ ಒಂದೇ ಫೋಟೊ ಉಳ್ದಿರಾದು!" ಎಂದು ಕೂಗಿದ. ಒಂದೇ ಫೋಟೊ, ಅದರಲ್ಲಿ ಕನ್ನಡಕ ಮಂಜಾಗಿದ್ದರೆ ಹೇಗೆ? ಯಾವ ಕೈಯನ್ನು ಸತ್ತರೂ ಬಿಡಬೇಡ ಎಂದು ಹತ್ತು ಸಲ ಹೇಳಿದ್ದರೋ ಅದೇ ಕೈಯನ್ನು ಬಿಟ್ಟು ಕನ್ನಡಕ ಒರೆಸಿಕೊಂಡೆ. ಇಂಥ ಬುದ್ಧಿವಂತನಿಗೂ ಹೆಣ್ಣು ಕೊಡುವವರಿದ್ದಾರಲ್ಲ!

ಸರ್ರನೆ ಜಾರಿದೆ. ಕೆಳಗಿನ ಕಲ್ಲುಗಳು ಮೇಲೆದ್ದು ಬಂದವು. ಇನ್ನೇನು ಮುಗಿಯಿತು ಅನ್ನುವಾಗ ಸೊಂಟದ ಬಾವಿ ಹಗ್ಗ ಜಗ್ಗಿ ಹಿಡಿಯಿತು. ತೊಟ್ಟಿಲ ಕೂಸಿನಂತೆ ತೂಗಾಡಿದೆ. ಆಮೇಲೆ ಹಗ್ಗ ಗೇಣುಗೇಣಾಗಿ ಸಡಿಲಗೊಂಡು ನನ್ನನ್ನು ಮೆಲ್ಲಗೆ ನೆಲಕ್ಕಿಳಿಸಿತು.

ಬಂಡೆ ಬಳಸಿಕೊಂಡು ಕೆಳಗೆ ಬಂದ ಮಾವ ಎರಡೂ ಕೈಗಳನ್ನು ಟವೆಲ್ಲಿನಲ್ಲಿ ಸುತ್ತಿಕೊಂಡಿದ್ದ. "ಚಳಿ ಕಣ್ಲಾ," ಎಂದ. ನೆತ್ತಿ ಸುಡುವ ಬಿಸಿಲು! ಮೇಲೆ ಅವನ ಜೊತೆಗಿದ್ದ ತರಬೇತಿಯ ಗೆಳೆಯ ಯಾಕೋ ನನ್ನ ಮುಖ ನೋಡದೆ ತನ್ನ ಹಗ್ಗ ಸುತ್ತತೊಡಗಿದ.

ಹಗ್ಗ ನೆನೆದು, ಜಗ್ಗಿ, ನಮ್ಮಿಬ್ಬರ ಸೊಂಟದ ಗಂಟೂ ಕಲ್ಲಾಗಿತ್ತು. ಗೆಳೆಯರು ಉಗುರು ಹಾಕಿದರು, ಹಲ್ಲೂ ಹಾಕಿದರು. ಕೊನೆಗೆ ಜೀಪಿನವನು ಚಾಕು ತೆಗೆದ. ಮಾವ ಗುಡುಗಿದ.

"ಮದ್ವೆ ಗಂಡಿನ್ ಸೊಂಟದ್ ಗಂಟ್ನ ಕುಯ್ಯಂಗಿಲ್ಲ! ಅವರವ್ವನೇ ಬಿಚ್ಬೇಕು. ಶಾಸ್ತ್ರ!"

"ಯಾವ ಶಾಸ್ತ್ರ ಮಾವ?" ಎಂದೆ.

"ನಮ್ ಕಡೆ ಶಾಸ್ತ್ರ."

"ನಿಮ್ ಕಡೆ, ನಮ್ ಕಡೆ ಬೇರೆ ಬೇರೆನಾ?"

"ಇವತ್ತಿಂದ ಬೇರೆ."

ಹಾಗಾಗಿ ಜೀಪಿನಲ್ಲಿ ಜೋಡಿ, ಬೇಲಿ ಮರೆಗೆ ಹೋದರೂ ಜೋಡಿ. ಸಂತೆಬಾಚಹಳ್ಳಿಯ ಹೋಟೆಲಿನಲ್ಲಿ ಎಲ್ಲರೂ ತಟ್ಟೆ ಬಿಟ್ಟು ನಮ್ಮನ್ನೇ ನೋಡಿದರು. "ಮದ್ವೆ ಅಂದ್ರೆ ಓಡೋಯ್ತಾನೆ ಕಣಣ್ಣಾ, ಅದ್ಕೇ ಕಟ್ಟಾಕಂಡ್ ಓಯ್ತಾ ಇವ್ನಿ," ಎಂದ ಮಾವ. ಪಕ್ಕದ ಮೇಜಿನ ಅಜ್ಜಿ ಕನಿಕರದಿಂದ, "ಎಣ್ಣು ಚೆಂದಾಗಿಲ್ವಾ ಮಗಾ?" ಎಂದು ಕೇಳಿದಳು. ಇದು ಸಾಲದೆಂದು ಮಾವ ಇಡ್ಲಿ ಮುಟ್ಟಲಿಲ್ಲ. "ನೀನೇ ತಿನ್ಸ್ಲಾ. ಸೋದರಮಾವನ್ ಸೇವೆ ಮಾಡುದ್ರೆ ಪುಣ್ಯ," ಎಂದು ಬಾಯಿ ತೆರೆದ. ಊರವರೆದುರು, ಮನಸ್ಸಿನಲ್ಲೇ ಬೈದುಕೊಳ್ಳುತ್ತ, ನಾಲ್ಕು ಇಡ್ಲಿ ಅವನ ಬಾಯಿಗಿಟ್ಟೆ.

ಸಂಜೆ ಮನೆ ಮುಟ್ಟಿದೆವು. ಅಮ್ಮ ನನ್ನ ಮುಖ, ಕೈಕಾಲು ತಿರುಗಿಸಿ ನೋಡಿದಳು. ಒಂದು ಗೆರೆಯೂ ಇರಲಿಲ್ಲ. ಆಮೇಲೆ ಹಗ್ಗ ಕಂಡಿತು.

"ಕಟ್ಟಿರೋನು ನೀನೇ ಬಿಚ್ಲಾ."

ಮಾವ ಜಗಲಿಯ ಮೇಲೆ ಕೂತವನು ಅಲುಗಲಿಲ್ಲ. ಅಮ್ಮ ಸಿಟ್ಟಿನಿಂದ ಟವೆಲ್ ಕಿತ್ತೆಳೆದಳು. ಮಾವನ ಅಂಗೈಗಳಲ್ಲಿ ಚರ್ಮವೇ ಇರಲಿಲ್ಲ. ಹಸಿ ಕೆಂಪು ಮಾಂಸಕ್ಕೆ ಟವೆಲ್ಲಿನ ನೂಲು ಅಂಟಿಕೊಂಡಿತ್ತು.

"ಹೇಳ್ಬ್ಯಾಡ ಅಂತ ಆಣೆ ಹಾಕಿಸ್ಕೊಂಡ್ಬುಟ್ರು ಕಣವ್ವಾ," ಎಂದ ತರಬೇತಿಯ ಗೆಳೆಯ, ತಲೆ ತಗ್ಗಿಸಿ.

ಮಾವ ಅಕ್ಕನ ಮುಖ ನೋಡಲಾರದೆ ಅಂಗೈ ಮುಚ್ಚಿಕೊಳ್ಳಲು ಹೋದ. ಮುಚ್ಚಲಾಗಲಿಲ್ಲ. "ಹಗ್ಗ ಜಾರ್ತು ಕಣಕ್ಕಾ. ನಿನ್ ಮಗನ್ನ ಜಾರಕ್ ಬುಡ್ನಿಲ್ಲ. ಆಮ್ಯಾಕೆ ನಿನ್ ಕೈಗೆ ಒಪ್ಪಿಸೋಗಂಟ ಗಂಟ್ ಬಿಚ್ಚಕ್ಕೆ ಧೈರ್ಯ ಬರ್ನಿಲ್ಲ."

ಅಮ್ಮ ನಮ್ಮಿಬ್ಬರ ನಡುವೆ ಕೂತು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಗಂಟು ಬಿಚ್ಚತೊಡಗಿದಳು. ನನಗೆ ಅಳು ತಡೆಯಲಾಗಲಿಲ್ಲ. ಗಂಟು ಬಿಚ್ಚಿ ಹಗ್ಗ ನೆಲಕ್ಕೆ ಬಿದ್ದ ಮೇಲೂ ನಾನು ಮಾವನ ಪಕ್ಕದಿಂದ ಏಳಲಿಲ್ಲ.